ಅಲ್ಪಸ್ಮೃತಿಯ ಗಣಕವೂ ಅಂತರಜಾಲವೂ

1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ಕಮೊಡೋರ್ 64’ ಎಂಬ ಗೃಹಗಣಕದ ಸ್ಮೃತಿಕೋಶ 65,536 ಬೈಟುಗಳಷ್ಟೇ. ಇಂದು ರೂಢಿಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಲಿಪಿಸಂಕೇತಕ್ಕೂ ಮೂರು ಬೈಟುಗಳು ಬೇಕಾಗುವುದರಿಂದ, ಅಷ್ಟೂ ಕೋಶವನ್ನು ತುಂಬಿದರೂ ಅದರಲ್ಲಿ 21,845 ಸಂಕೇತಗಳು ಮಾತ್ರ ಹಿಡಿದಾವು. ಇಂತಹ ಯಂತ್ರವು ಅಂತರಜಾಲವನ್ನು ಸೇರುವುದುಂಟೆ? ಉಂಟೆಂದು ಸ್ವೀಡನ್ ದೇಶದ ಆಡಮ್ ಡಂಕೆಲ್ಸ್ ತೋರಿಸಿಕೊಟ್ಟರು. ಅವರು ರಚಿಸಿದ ‘ಕಾಂಟಿಕಿ’ ಎಂಬ ಕಾರ್ಯವ್ಯವಸ್ಥೆಯು 2003ರಲ್ಲಿ ಈ ಗಣಕದ ಮೇಲೆಯೇ ಜಾಲಪುಟಗಳನ್ನು ತೆರೆಯಿತು.

ಜಾಲದಲ್ಲಿ ಮಾಹಿತಿಯು ಸಣ್ಣ ಸಣ್ಣ ಪೊಟ್ಟಣಗಳಾಗಿ ಸಂಚರಿಸುತ್ತದೆಯಷ್ಟೆ. ಮುಟ್ಟಿತೆಂಬ ಉತ್ತರ ಬರುವವರೆಗೆ ಕಳುಹಿಸಿದ ಯಂತ್ರವು ಪೊಟ್ಟಣದ ಪ್ರತಿಯನ್ನು ಕಾದಿಟ್ಟುಕೊಳ್ಳುವುದು ರೂಢಿ. ದಾರಿಯಲ್ಲಿ ಕಳೆದುಹೋದರೆ ಮತ್ತೆ ಕಳುಹಿಸಬೇಕಲ್ಲವೆ? ಡಂಕೆಲ್ಸರ ‘ಮೈಕ್ರೊ ಐಪಿ’ ಈ ಪ್ರತಿಯನ್ನೇ ಇಡುವುದಿಲ್ಲ. ಕಳೆದುದನ್ನು ಇನ್ನೊಮ್ಮೆ ರಚಿಸಿಕೊಡೆಂದು ಮೂಲ ಕ್ರಮವಿಧಿಯನ್ನೇ ಕೇಳುತ್ತದೆ. ಓಲೆಗರಿಯ ಹಂಗಿಲ್ಲದೆ, ಕೇಳಿದಾಗಲೆಲ್ಲ ಪಾಠವನ್ನು ಮೊದಲಿನಿಂದ ಒಪ್ಪಿಸುವ ಶಿಷ್ಯನ ನೆನಪಾದರೆ ತಪ್ಪಿಲ್ಲ! ಬರುವ ಪೊಟ್ಟಣಕ್ಕೂ ಹೋಗುವ ಪೊಟ್ಟಣಕ್ಕೂ ಇರುವ ಸ್ಥಳ ಒಂದೇ. ಒಂದನ್ನು ಕಳುಹಿಸಿ ಅದರ ಉತ್ತರಕ್ಕೆ ಕಾದಿರಬೇಕಾದುದರಿಂದ ವೇಗ ಕುಂದುವುದು ನಿಜ, ಸ್ಥಳವಂತೂ ಉಳಿಯಿತು.

ತಂತಿಯ ಸಂಪರ್ಕಕ್ಕೆ ಯಂತ್ರದ ಹಿಂಬದಿಯ ಕಾರ್ಟ್ರಿಜ್ ದ್ವಾರದಲ್ಲಿ ಈಥರ್ನೆಟ್ ಫಲಕವೊಂದನ್ನು ಸಿಕ್ಕಿಸಿದರಾಯಿತು.

ಇಂದಿನ ತೊಡಕು ಬೇರೆ. ಬಹುಪಾಲು ತಾಣಗಳು ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯಲ್ಲಿ ವ್ಯವಹರಿಸುತ್ತವೆ. ಅದರ ಗಣಿತಭಾರವು ಸೆಕೆಂಡಿಗೆ ಸುಮಾರು 10 ಲಕ್ಷ ಮಿಡಿತಗಳ ಆ ಹಳೆಯ ಸಂಸ್ಕಾರಕಕ್ಕೆ ಹೊರಲಾರದಷ್ಟು. ಆದಕಾರಣ ನಡುವೆ ಹೊಸ ಗಣಕವೊಂದನ್ನಿರಿಸಿ, ಅದರಿಂದ ಗೂಢಲಿಪಿಯನ್ನು ಬಿಡಿಸಿ, ಚಿತ್ರಾದಿಗಳನ್ನು ಕಳಚಿ, ಅಕ್ಷರಮಾತ್ರವನ್ನು ಹಳೆಯ ಯಂತ್ರಕ್ಕೆ ಉಣಿಸುವ ಉಪಾಯವನ್ನು ಆಸಕ್ತರು ಅನುಸರಿಸುತ್ತಾರೆ.