ಕೊಳ್ಳುವವರಾರು?

ಚಿಕ್ಕದೊಂದು ವ್ಯಾಪಾರವನ್ನು ಆರಂಭಿಸಬೇಕೆಂದು ಸಂಕಲ್ಪಿಸುವವರು ಮಳಿಗೆಯ ಬಾಡಿಗೆ, ಮುಂಗಡ, ಆಳುಗಳ ಸಂಬಳ ಇವೆಲ್ಲವನ್ನೂ ತಿಂಗಳುಗಟ್ಟಲೆ ಪರ್ಯಾಲೋಚಿಸಿ, ತೆರಿಗೆಯ ವಿಚಾರವನ್ನು ಮಾತ್ರ ‘ಆಡಿಟರು ನೋಡಿಕೊಳ್ಳುತ್ತಾರೆ’ ಎಂದು ಮುಗಿಸಿಬಿಡುವುದು ಲೋಕರೂಢಿ. ನನ್ನ ನಿವೃತ್ತಿಯ ತರುವಾಯ, ಬಸವೇಶ್ವರನಗರದಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟುಗಳನ್ನು ಮಾಡಿ ಮಾರುವ ಕಾಂಡಿಮೆಂಟ್ಸ್ ಅಂಗಡಿಯೊಂದನ್ನು ತೆರೆಯಲು ನಾವು ದಂಪತಿಗಳು ಹೊರಟಾಗ, ಆಡಿಟರು ಬಂಡವಾಳದ ಮಾತೆತ್ತುವ ಮುನ್ನವೇ ‘ನಿಮ್ಮಲ್ಲಿ ಕೊಳ್ಳುವವರು ಯಾರು ಸಾರ್?’ ಎಂದು ವಿಚಾರಿಸಿದರು. ಜಿಎಸ್‌ಟಿಯ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿಲ್ಲವೆಂಬುದು ಬರಬರುತ್ತ ಮನದಟ್ಟಾಯಿತು.

ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವ ತನಕ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಮೀರಿದವನು 1.5 ಕೋಟಿಯವರೆಗೆ ಕಾಂಪೊಸಿಷನ್, ಎಂದರೆ ರಾಜಿ ತೆರಿಗೆಯನ್ನು ಆರಿಸಿಕೊಳ್ಳಬಹುದು. ಆಗ 50 ಲಕ್ಷದ ವ್ಯಾಪಾರಕ್ಕೆ ಶೇ. 1ರಂತೆ 50,000 ರೂಪಾಯಿ ಕಟ್ಟಿದರೆ ಸಾಕು. ತಥಾಪಿ ಅದನ್ನು ಗಿರಾಕಿಯಿಂದ ವಸೂಲು ಮಾಡಕೂಡದು, ಎಣ್ಣೆಗೂ ಪ್ಯಾಕಿಂಗ್ ಕವರಿಗೂ ತೆತ್ತ ತೆರಿಗೆ ಮರಳಿ ಜಮೆಯಾಗದು, ಸರಕನ್ನು ಹೊರರಾಜ್ಯಕ್ಕೆ ಮಾರುವಂತಿಲ್ಲ. ನಮ್ಮ ಗಿರಾಕಿಗಳೆಲ್ಲರೂ ಮನೆಗೆಂದು ಕಾಲು ಕಿಲೋ, ಅರ್ಧ ಕಿಲೋ ಕೊಳ್ಳುವವರಾದ್ದರಿಂದ, ಯಾರಿಗೂ ತೆರಿಗೆಯ ಬಿಲ್ಲು ಬೇಕಿರಲಿಲ್ಲ. ರಾಜಿಯೇ ನಮಗೆ ಹಿತವಾಯಿತು. ಹೊಸೂರಿನ ಅಂಗಡಿಯವರೊಬ್ಬರು ಸಗಟು ಸರಕು ಕೇಳಿದಾಗ, ಅತ್ತಿಬೆಲೆ ದಾಟಿದರೆ ತಮಿಳುನಾಡಾದ ಕಾರಣ, ಒಲ್ಲೆವೆನ್ನಬೇಕಾಗಿ ಬಂದದ್ದುಂಟು.

ಕಾಮಾಕ್ಷಿಪಾಳ್ಯದಲ್ಲಿ ಲೇತ್ ಇಟ್ಟುಕೊಂಡು ಪೀಣ್ಯದ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ನನ್ನ ಸೋದರಳಿಯನಾದರೋ ಇದಕ್ಕೆ ವಿಪರೀತವಾದ ಮಾರ್ಗವನ್ನೇ ಹಿಡಿದನು. ಉಕ್ಕಿನ ಸರಳಿಗೆ ಅವನು ತೆರುವ ಶೇ. 18 ರಾಜಿ ಪದ್ಧತಿಯಲ್ಲಿ ಬೆಲೆಯೊಳಗೇ ಅಡಗಿ, ಅವನಿಗೂ ಕಾರ್ಖಾನೆಗೂ ದಕ್ಕದೆ ಹೋಗುತ್ತಿತ್ತು. ಕೊಳ್ಳುವವರು ಇನ್‌ಪುಟ್ ಕ್ರೆಡಿಟ್ ಬಯಸುವ ಕಾರ್ಖಾನೆಗಳಾದುದರಿಂದ, ವಹಿವಾಟು 40 ಲಕ್ಷ ಮುಟ್ಟುವ ಮೊದಲೇ ಅವನು ಸ್ವಯಂ ಇಚ್ಛೆಯಿಂದ ಸಾಮಾನ್ಯ ನೋಂದಣಿ ಮಾಡಿಸಿದನು.

ಆದಾಯ ತೆರಿಗೆಯ ವಿಚಾರ ಬೇರೆ. ನಾವಿಬ್ಬರೂ ಪಾಲುದಾರರಾದರೆ, ಪಾಲುದಾರರ ಸಂಬಳ, ಬಡ್ಡಿ ಕಳೆದು ಉಳಿದ ಲಾಭದ ಮೊದಲ ರೂಪಾಯಿಯಿಂದಲೇ ಶೇ. 30 ತೆರಿಗೆ, ಒಬ್ಬರದೇ ಒಡೆತನವಾದರೆ ಸ್ಲ್ಯಾಬಿನ ವಿನಾಯಿತಿಗಳು ಲಭ್ಯ. ಕೈಚಳಕವೂ ಬಂಡವಾಳವೂ ನನ್ನಾಕೆಯದೇ ಆಗಿದ್ದುದರಿಂದ ಅಂಗಡಿ ಅವಳ ಹೆಸರಿನಲ್ಲಿ ನಿಂತಿತು. ನಾನು ಹಣ ಕೊಟ್ಟಿದ್ದಲ್ಲಿ ಅದರಿಂದ ಬಂದ ಲಾಭ ಕಾನೂನಿನಂತೆ ನನ್ನ ಪಿಂಚಣಿಯೊಡನೆ ಕೂಡಿಬಿಡುತ್ತಿತ್ತು. ವಹಿವಾಟಿನ ಶೇ. 8ನ್ನು, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದ ಹಣದಲ್ಲಾದರೆ ಶೇ. 6ನ್ನು, ಲಾಭವೆಂದು ಘೋಷಿಸುವ ಅಂದಾಜು ಪದ್ಧತಿಯನ್ನು ಅವಳು ಅಂಗೀಕರಿಸಿದಳು.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನಾಧರಿಸಿ ಸಣ್ಣ ವರ್ತಕರಿಗೆ ನೋಟಿಸು ಕಳುಹಿಸಿದಾಗ, ನಗರದ ಅನೇಕ ಅಂಗಡಿಗಳಲ್ಲಿ ಕ್ಯುಆರ್ ಹಾಳೆಗಳು ಮರೆಯಾಗಿ ‘ನಗದು ಮಾತ್ರ’ ಎಂಬ ಬರಹ ಕಾಣಿಸಿಕೊಂಡಿತು. ನಗದಾಗಿ ಪಡೆದ ಮಾತ್ರಕ್ಕೆ ವಹಿವಾಟು ಕಿರಿದಾಗದಷ್ಟೆ. ಅಂಗಡಿಯ ಕ್ಯುಆರ್‌ಗೆಂದೇ ಪ್ರತ್ಯೇಕ ಖಾತೆಯಿದ್ದುದರಿಂದ, ಬಂಧುಗಳು ಕಳುಹಿಸಿದ ಹಣ ಯಾವುದು, ಚಕ್ಕುಲಿಯ ಹಣ ಯಾವುದು ಎಂಬುದನ್ನು ನಾವು ವಿಂಗಡಿಸಿ ತೋರಿಸುವ ಸಂದರ್ಭವೇ ಒದಗಲಿಲ್ಲ.

ಹೊಸಬರಿಗೆ ಇನ್ನೊಂದು ಮಾತು. ಈಗಾಗಲೇ ನೋಂದಾಯಿಸಿಕೊಂಡವರು ರಾಜಿ ತೆರಿಗೆಗೆ ಸೇರಬೇಕಾದರೆ ಆರ್ಥಿಕ ವರ್ಷದ ಆರಂಭಕ್ಕೆ ಮುನ್ನವೇ ತಿಳಿಸಬೇಕು, ಬಿಡುವುದಾದರೆ ವರ್ಷದ ನಡುವೆಯೂ ಬಿಡಬಹುದು. ಅಂದಾಜು ಪದ್ಧತಿಯನ್ನಾದರೋ ಐದು ವರ್ಷ ಪಾಲಿಸದೆ ನಡುವೆ ತೊರೆದವರಿಗೆ ಮುಂದಿನ ಐದು ವರ್ಷ ಅದು ದೊರೆಯದು. ಆದಕಾರಣ ಮೊದಲನೆಯದನ್ನು ಪರೀಕ್ಷಾರ್ಥವಾಗಿ ಸ್ವೀಕರಿಸಬಹುದಾದರೂ, ಎರಡನೆಯದನ್ನು ಐದು ವರ್ಷಗಳ ಲಾಭವನ್ನು ಊಹಿಸಿಯೇ ಒಪ್ಪಿಕೊಳ್ಳುವುದು ವಿಹಿತ.