ಹಳೇ ವಾಚಿನ ರೇಡಿಯಂ: ಅಳೆಯೋದು ಹೇಗೆ?

ಬೈಕಿಗೆ 'ರೇಡಿಯಂ ಸ್ಟಿಕ್ಕರ್' ಹಾಕಿಸೋದು ನಮಗೆಲ್ಲ ಗೊತ್ತು. ಅದರಲ್ಲಿ ಚೂರೂ ರೇಡಿಯಂ ಇರೋದಿಲ್ಲ. ಬಿದ್ದ ಬೆಳಕನ್ನು ಬಂದ ದಾರಿಗೇ ತಿರುಗಿಸುವ ಹಾಳೆ ಅದು. ನಿಜವಾದ ರೇಡಿಯಂ ಇದ್ದದ್ದು ಕಳೆದ ಶತಮಾನದ ಪೂರ್ವಾರ್ಧದ ವಾಚುಗಳಲ್ಲಿ, ಕತ್ತಲಲ್ಲಿ ಹೊಳೆಯುವ ಅಂಕಿ-ಮುಳ್ಳುಗಳ ಬಣ್ಣದಲ್ಲಿ.

ಆ ಬಣ್ಣದಲ್ಲಿ ಎರಡು ಮುಖ್ಯ ವಸ್ತುಗಳು: ರೇಡಿಯಂ-226 ಮತ್ತು ಝಿಂಕ್ ಸಲ್ಫೈಡ್. ರೇಡಿಯಂನಿಂದ ಹೊರಟ ಆಲ್ಫಾ ಕಣಗಳು ಬಡಿದಾಗ ಝಿಂಕ್ ಸಲ್ಫೈಡ್ ಬೆಳಕು ಕೊಡುತ್ತದೆ. ಏಟು ತಿಂದೂ ತಿಂದೂ ಅದರ ಹರಳು ಕೆಲವೇ ದಶಕಗಳಲ್ಲಿ ಹಾಳಾಗುತ್ತದೆ. ಆದರೆ ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. 1940ರ ವಾಚಿನಲ್ಲಿ ಹಾಕಿದ ರೇಡಿಯಂನ ಶೇ. 96ರಷ್ಟು ಇವತ್ತಿಗೂ ಹಾಗೇ ಇದೆ. ಹಾಗಾಗಿ "ಹೊಳೀತಿಲ್ಲ, ಇನ್ನೇನೂ ಭಯ ಇಲ್ಲ" ಅನ್ನೋ ಮಾತು ತಪ್ಪು. ಅಳೆದೇ ನೋಡಬೇಕು.

ಅಳೆಯೋಕೆ ಗೈಗರ್ ಕೌಂಟರ್ ಸಾಕು. ಮೊದಲು ವಾಚನ್ನು ದೂರ ಇಟ್ಟು ಹಿನ್ನೆಲೆ ವಿಕಿರಣ ಎಣಿಸೋಣ. 10 ನಿಮಿಷಕ್ಕೆ 300 ಎಣಿಕೆ ಬಂತು ಅಂದುಕೊಳ್ಳಿ. ಆಮೇಲೆ ವಾಚನ್ನು ಡಯಲ್ ಮೇಲ್ಮುಖವಾಗಿ ಇಟ್ಟು, ಟ್ಯೂಬ್‌ನಿಂದ ಗೊತ್ತಾದ ದೂರದಲ್ಲಿ, ಅಷ್ಟೇ ಹೊತ್ತು ಎಣಿಸಿದಾಗ 6,200 ಬಂತು ಅನ್ನೋಣ. ವಿಕಿರಣ ಹೊರಬೀಳೋದು ಯಾದೃಚ್ಛಿಕ. N ಎಣಿಕೆಯಲ್ಲಿ ಸುಮಾರು √N ಏರುಪೇರು ಸಹಜ. ಅಂದರೆ ನಿಮಿಷಕ್ಕೆ 620 ± 7.9ರಲ್ಲಿ 30 ± 1.7 ಕಳೆಯಬೇಕು. ಏರುಪೇರುಗಳನ್ನು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ, ಉತ್ತರ 590 ± 8. ದೂರ ಮತ್ತು ಅವಧಿ ಬರೆಯದಿದ್ದರೆ ಈ ಸಂಖ್ಯೆಗೆ ಅರ್ಥವೇ ಇಲ್ಲ.

ಇಲ್ಲೇ ಹೆಚ್ಚಿನವರು ಎಡವೋದು. ಕೌಂಟರಿನ ಪರದೆ ಮೈಕ್ರೋಸೀವರ್ಟ್ ಕೂಡ ತೋರಿಸುತ್ತೆ. ಸಾಮಾನ್ಯವಾಗಿ ಆ ಲೆಕ್ಕವನ್ನು ಸೀಸಿಯಂ-137ರ ಗಾಮಾ ಕಿರಣಕ್ಕೆ ಹೊಂದಿಸಿರುತ್ತಾರೆ. ವಾಚಿನ ಗಾಜು ಆಲ್ಫಾವನ್ನು ತಡೆದರೂ, ರೇಡಿಯಂನ ಸಂತತಿಯಾದ ಬಿಸ್ಮತ್-214ರಂಥವುಗಳ ಬೀಟಾ ಕಣಗಳು ದಾಟಿ ಬರುತ್ತವೆ. ಅವನ್ನೂ ಗಾಮಾ ಅಂತಲೇ ಎಣಿಸಿ ಯಂತ್ರ ದೊಡ್ಡ ಅಂಕಿ ಹೇಳಿಬಿಡುತ್ತೆ. ದೂರ ಬದಲಿಸದೆ ನಡುವೆ 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಟ್ಟೆ ಇಟ್ಟು ಮತ್ತೆ ಎಣಿಸಿ. ಬೀಟಾ ಹೆಚ್ಚುಕಮ್ಮಿ ಪೂರ್ತಿ ನಿಲ್ಲುತ್ತೆ. ಉಳಿಯೋದು ಬಹುಮಟ್ಟಿಗೆ ಗಾಮಾ. ಎರಡು ಎಣಿಕೆಗಳ ವ್ಯತ್ಯಾಸವೇ ನಮಗೆ ಪಾಠ.

ಕೌಂಟರ್ ಸುಮ್ಮನಿದ್ದರೆ? ಡಯಲಿನ ಕೆಳಗೆ 'ಟಿ ಸ್ವಿಸ್ ಟಿ' ಅಂತ ಇದ್ದರೆ ಅದರಲ್ಲಿರೋದು ಟ್ರಿಷಿಯಂ. ಅದರ ಬೀಟಾ ಎಷ್ಟು ದುರ್ಬಲ ಅಂದರೆ ಗಾಜನ್ನೇ ದಾಟೋದಿಲ್ಲ. ಅರ್ಧಾಯುಷ್ಯವೂ 12.3 ವರ್ಷ ಮಾತ್ರ. ಈಗಿನ ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಬಣ್ಣಗಳಲ್ಲಂತೂ ವಿಕಿರಣವೇ ಇಲ್ಲ. ಟಾರ್ಚ್ ಹಿಡಿದರೆ ಹೊಳೆದು, ನಿಧಾನವಾಗಿ ಮಂಕಾಗುತ್ತವೆ.

ಒಂದು ನಿಯಮ ಮಾತ್ರ ಮೀರಬೇಡಿ: ವಾಚನ್ನು ಬಿಚ್ಚಬಾರದು, ಬಣ್ಣ ಕೆರೆಯಬಾರದು. ಮುಚ್ಚಿದ ವಾಚಿಗಿಂತ ಉದುರಿದ ಪುಡಿ ಬಹಳ ಅಪಾಯ. ಒಂದು ಮೈಕ್ರೋಗ್ರಾಂ ರೇಡಿಯಂನಲ್ಲಿ ಸೆಕೆಂಡಿಗೆ ಸುಮಾರು 37,000 ಪರಮಾಣುಗಳು ಸಿಡಿಯುತ್ತವೆ. ದೇಹದೊಳಗೆ ಹೋದರೆ ಕ್ಯಾಲ್ಸಿಯಂನಂತೆ ಮೂಳೆ ಸೇರಿಕೊಳ್ಳುತ್ತೆ. ಅಲ್ಲಿ ಆಲ್ಫಾವನ್ನು ತಡೆಯೋಕೆ ಗಾಜಿಲ್ಲ.

ಇದನ್ನು ಜಗತ್ತು ಕಲಿತದ್ದು ಹೆಣ್ಣುಮಕ್ಕಳ ಮೈಮೇಲೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್‌ನಲ್ಲಿ ಡಯಲ್‌ಗಳಿಗೆ ಬಣ್ಣ ಹಚ್ಚುತ್ತಿದ್ದ ಯುವತಿಯರಿಗೆ ಕುಂಚದ ತುದಿಯನ್ನು ತುಟಿಯಲ್ಲೇ ಚೂಪು ಮಾಡಿಕೊಳ್ಳಲು ಕಲಿಸಿದ್ದರು. ಹಲವರ ದವಡೆ ಕೊಳೆಯಿತು, ಎಷ್ಟೋ ಜನ ಸತ್ತರು. ಗ್ರೇಸ್ ಫ್ರೈಯರ್ ಮತ್ತು ನಾಲ್ವರು ಜೊತೆಗಾತಿಯರು ಕಂಪನಿಯ ಮೇಲೆ ದಾವೆ ಹೂಡಿದರು; 1928ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ಆದ್ದರಿಂದ ಅಜ್ಜನ ವಾಚು ಕೈಗೆ ಸಿಕ್ಕರೆ ಹೆದರಿ ಎಸೆಯೋದೂ ಬೇಡ, ರಿಪೇರಿಗೆ ಅಂತ ಬಿಚ್ಚೋದೂ ಬೇಡ. ಮೊದಲು ಎಣಿಸೋಣ. ರೇಡಿಯಂ ಇದೆ ಅಂತ ಗೊತ್ತಾದರೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಮೇಲೆ ಹಾಗಂತ ಬರೆದಿಡೋಣ. ನಮ್ಮ ನಂತರ ಅದನ್ನು ತೆರೆಯುವವರಿಗೂ ಗೊತ್ತಿರಬೇಕಲ್ಲ!