ವೀಸಾ ಕಾಗದದಲ್ಲಿ ಏನು ಬರೆದಿದೆ?

ದುಡಿಯಲು ಊರು ಬಿಡುವುದು ನಮಗೆ ಹೊಸದಲ್ಲ. ಮಳೆ ಕೈಕೊಟ್ಟರೆ ನಮ್ಮ ಕಡೆಯ ಜನ ಗುಳೆ ಹೋಗುತ್ತಾರೆ. ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿಗೆ ಹೋಗಲು ಬಸ್ಸಿನ ಟಿಕೆಟ್ ಇದ್ದರೆ ಸಾಕು. ದುಬೈ, ಸೌದಿ, ಕುವೈತ್ ಹಾಗಲ್ಲ. ಅವು ಪರದೇಶ. ಅಲ್ಲಿಗೆ ಹೋಗಲು ಪಾಸ್‌ಪೋರ್ಟ್ ಬೇಕು. ವೀಸಾನೂ ಬೇಕು.

ಪಾಸ್‌ಪೋರ್ಟ್ ಎಂದರೇನು? ವೀಸಾ ಎಂದರೇನು?

ಪಾಸ್‌ಪೋರ್ಟ್ ಒಂದು ಚಿಕ್ಕ ಪುಸ್ತಕ. ‘ಇವರು ಭಾರತದವರು’ ಎಂದು ನಮ್ಮ ಸರ್ಕಾರ ಕೊಡುವ ಗುರುತು ಅದು. ದೊಡ್ಡವರಿಗೆ ಕೊಟ್ಟರೆ 10 ವರ್ಷ ನಡೆಯುತ್ತದೆ. ಹುಬ್ಬಳ್ಳಿಯಲ್ಲಿ, ಕಲಬುರಗಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿವೆ.

ವೀಸಾ ಎಂದರೆ ‘ನಮ್ಮ ದೇಶಕ್ಕೆ ಬರಬಹುದು’ ಎಂದು ಆ ದೇಶದವರು ಕೊಡುವ ಅಪ್ಪಣೆ. ಯಾಕೆ ಬರಬಹುದು, ಎಷ್ಟು ದಿನ ಇರಬಹುದು ಎಂಬುದೂ ಅದರಲ್ಲಿ ಇರುತ್ತದೆ. ನೋಡಲು ಹೋಗುವವರ ವೀಸಾ ಬೇರೆ. ದುಡಿಯಲು ಹೋಗುವವರ ವೀಸಾ ಬೇರೆ. ನೇಪಾಳ, ಭೂತಾನಕ್ಕೆ ಹೋಗಲು ನಮಗೆ ವೀಸಾ ಬೇಡ.

ಅಕ್ಕ ತಮ್ಮನ ಮಾತು

ತಮ್ಮ: ಅಕ್ಕಾ, ಏಜೆಂಟ್ ವೀಸಾ ಕೊಟ್ಟಾನ. ಮುಂದಿನ ವಾರ ದುಬೈಗೆ ಹೊಂಟೀನಿ.

ಅಕ್ಕ: ಹೌದಾ? ಅದರಾಗ ಏನ್ ಬರದೈತಿ?

ತಮ್ಮ: ಇಂಗ್ಲಿಷಿನಾಗ ಐತಿ, ನನಗ ತಿಳಿಯೂದಿಲ್ಲ. ಕೆಲಸದ ವೀಸಾ ಅಂತ ಅವನೇ ಹೇಳ್ಯಾನ.

ಅಕ್ಕ: ಅವ ಹೇಳಿದ್ದು ಬ್ಯಾರೆ, ಕಾಗದದಾಗ ಇರೂದು ಬ್ಯಾರೆ ಇದ್ದರ? ಮಾಸ್ತರ ಕಡೆ ನಡಿ, ಓದಸೂಣು.

ಓದಿಸಿದಾಗ ತಿಳಿಯಿತು. ಅದು ಬರೀ ಪ್ರವಾಸಿ ವೀಸಾ. ಅದರ ಮೇಲೆ ಅಲ್ಲಿ ಕೆಲಸ ಮಾಡುವುದು ಅಪರಾಧ. ಸಿಕ್ಕಿಬಿದ್ದರೆ ದಂಡ, ಜೈಲು. ಆಮೇಲೆ ಊರಿಗೆ ವಾಪಸ್. ಮಾಡಿದ ಸಾಲ ಮಾತ್ರ ಹಾಗೇ ಉಳಿಯುತ್ತದೆ.

ವೀಸಾ ಕನ್ನಡದಲ್ಲಿ ಇರುವುದಿಲ್ಲ. ಅದಕ್ಕೆ ನಾಚಿಕೆ ಬೇಡ. ಕಲಿಕಾ ಕೇಂದ್ರಕ್ಕೆ ತನ್ನಿ. ಅದರ ಅರ್ಥವನ್ನು ಕನ್ನಡದಲ್ಲಿ ಬರೆಸಿಕೊಳ್ಳೋಣ. ಆಮೇಲೆ ನಾವೇ ಓದೋಣ. ಓದದೆ ಸಹಿ ಹಾಕುವುದು ಬೇಡ.

ನಮಗಾಗಿ ಒಂದು ಬೇಲಿ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇ.ಸಿ.ಆರ್.’ ಎಂದು ಇರುತ್ತದೆ. ‘ವಲಸೆ ತಪಾಸಣೆ ಬೇಕು’ ಎಂದು ಅದರ ಅರ್ಥ. ಇಂಥವರು ಸೌದಿ, ದುಬೈ, ಕುವೈತ್, ಒಮಾನ್, ಕತಾರ್, ಮಲೇಷ್ಯಾದಂಥ ದೇಶಗಳಿಗೆ ದುಡಿಯಲು ಹೋಗುವಾಗ ಸರ್ಕಾರದ ಒಪ್ಪಿಗೆ ಬೇಕು. ಸಂಬಳ ಎಷ್ಟು, ಮಾಲೀಕ ಯಾರು ಎಂದು ಅಧಿಕಾರಿಗಳು ಮೊದಲೇ ನೋಡುತ್ತಾರೆ. ಇಂಥ ಪಾಸ್‌ಪೋರ್ಟ್ ಇರುವ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. ಹೀಗೆ ಹೋಗುವವರಿಗೆ 10 ಲಕ್ಷ ರೂಪಾಯಿಯ ವಿಮೆಯೂ ಉಂಟು.

‘ಇದೆಲ್ಲಾ ತಡ ಆಗತೈತಿ’ ಎಂದು ಹೇಳಿ ಕೆಲವು ಏಜೆಂಟರು ಪ್ರವಾಸಿ ವೀಸಾ ಕೊಡುತ್ತಾರೆ. ಬೆಳೆ ಕಾಯಲು ಹೊಲಕ್ಕೆ ಬೇಲಿ ಹಾಕುತ್ತೇವೆ. ಈ ತಪಾಸಣೆಯೂ ಹಾಗೆಯೇ. ಬೇಲಿ ಹಾರಿ ಹೋದವರಿಗೆ ಆ ವಿಮೆಯೂ ಇಲ್ಲ, ಆ ಕಾವಲೂ ಇಲ್ಲ.

ಏಜೆಂಟರಿಗೆ ಸರ್ಕಾರದ ಲೈಸೆನ್ಸ್ ಇರಬೇಕು. ಅವರು ತಮ್ಮ ಕೆಲಸಕ್ಕೆ 30,000 ರೂಪಾಯಿ ಮತ್ತು ಅದರ ತೆರಿಗೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಹಣ ಕೊಟ್ಟರೆ ರಸೀದಿ ಕೇಳಿ ಪಡೆಯಿರಿ.

ಕಷ್ಟ ಬಂದಾಗ

ಕಾಗದ ಸರಿ ಇದ್ದರೂ ಕಷ್ಟ ಬರಬಹುದು. 2023ರ ಏಪ್ರಿಲ್‌ನಲ್ಲಿ ಸುಡಾನ್ ದೇಶದಲ್ಲಿ ಕಾದಾಟ ಶುರುವಾಯಿತು. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಔಷಧ ಮಾರಲು ಅಲ್ಲಿಗೆ ಹೋಗಿದ್ದರು. ಅವರು ಅಲ್ಲೇ ಸಿಕ್ಕಿಕೊಂಡರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ನಡೆಸಿತು. ಹಡಗು, ವಿಮಾನಗಳಲ್ಲಿ ಸಾವಿರಾರು ಭಾರತೀಯರನ್ನು ಕರೆತಂದಿತು.

ಪರದೇಶದಲ್ಲಿ ಭಾರತ ಸರ್ಕಾರದ ಕಚೇರಿ ಇರುತ್ತದೆ. ಅದಕ್ಕೆ ರಾಯಭಾರ ಕಚೇರಿ ಎನ್ನುತ್ತಾರೆ. ಹೋದ ಕೂಡಲೇ ಅದರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಕಳೆದರೆ ಊರಿಗೆ ಮರಳಲು ಅವರು ಬೇರೆ ಕಾಗದ ಕೊಡುತ್ತಾರೆ. ಪಾಸ್‌ಪೋರ್ಟ್, ವೀಸಾದ ಒಂದೊಂದು ಜೆರಾಕ್ಸ್ ಪ್ರತಿ ಮನೆಯಲ್ಲಿರಲಿ. ಅವ್ವನಿಗೋ, ಹೆಂಡತಿಗೋ ಅದು ಎಲ್ಲಿದೆ ಎಂದು ಗೊತ್ತಿರಲಿ.

ಹೊರಡುವ ಮೊದಲು ನೋಡಿರಿ

1. ಪಾಸ್‌ಪೋರ್ಟಿನ ಅವಧಿ ಇನ್ನೂ 6 ತಿಂಗಳಾದರೂ ಇದೆಯೇ?
2. ವೀಸಾ ಕೆಲಸದ್ದೋ, ಪ್ರವಾಸದ್ದೋ?
3. ಹೆಸರು, ಹುಟ್ಟಿದ ದಿನ ಎರಡರಲ್ಲೂ ಒಂದೇ ಇದೆಯೇ?
4. ಸಂಬಳ, ಊಟ, ವಸತಿ ಕರಾರು ಪತ್ರದಲ್ಲಿ ಬರೆದಿದೆಯೇ?

ಉತ್ತರ ಬರೆಯಿರಿ

1. ಪಾಸ್‌ಪೋರ್ಟ್ ಯಾರು ಕೊಡುತ್ತಾರೆ? ವೀಸಾ ಯಾರು ಕೊಡುತ್ತಾರೆ?
2. ತಮ್ಮ ಆ ವೀಸಾದ ಮೇಲೆ ದುಬೈಗೆ ಹೋಗಿದ್ದರೆ ಏನಾಗುತ್ತಿತ್ತು?
3. ನಿಮ್ಮ ಓಣಿಯಿಂದ ಯಾರಾದರೂ ಪರದೇಶಕ್ಕೆ ಹೊರಟಿದ್ದಾರೆಯೇ? ಈ ಪಾಠವನ್ನು ಅವರಿಗೆ ಓದಿ ಹೇಳಿರಿ.